ಅದೇ ಜಾಗದಲ್ಲಿ ಮತ್ತೊಂದು ಕುರು

ಕುರು ನಮ್ಮಲ್ಲಿ ಯಾರಿಗೂ ಹೊಸತಲ್ಲ. ಬೇಸಿಗೆಯಲ್ಲಿ ಬೆನ್ನ ಮೇಲೋ ತೊಡೆಯ ಮೇಲೋ ಒಂದು ಏಳುತ್ತದೆ. ಮನೆಯ ಹಿರಿಯರು ನೋಡಿ ‘ಉಷ್ಣ’ ಎಂದು ತೀರ್ಪು ಕೊಡುತ್ತಾರೆ. ಕುಡಿಯಲು ಎಳನೀರು, ಮಜ್ಜಿಗೆ. ಹಚ್ಚಲು ಸುಣ್ಣ ಬೆಲ್ಲ. ನಾಲ್ಕು ದಿನಕ್ಕೆ ಹಣ್ಣಾಗಿ, ಬಾಯಿ ಬಿಟ್ಟು, ಕೀವು ಹೋಗಿ ಒಣಗುತ್ತದೆ. ಹದಿನೈದು ದಿನ ಕಳೆದರೆ ಎಲ್ಲಿ ಎದ್ದಿತ್ತು ಎಂಬುದೂ ನೆನಪಿರುವುದಿಲ್ಲ.

ಮರೆಯಲು ಬಿಡದ ಇನ್ನೊಂದು ಬಗೆಯ ಕುರು ಇದೆ. ಅದು ಕಂಕುಳಲ್ಲೋ ತೊಡೆಸಂದಿಯಲ್ಲೋ ಶುರುವಾಗುತ್ತದೆ. ಮೇಲಿನ ಚರ್ಮದಲ್ಲಿ ಏನೂ ಕಾಣದಿದ್ದರೂ ಒಳಗೆ ಗೋಲಿ ಗಾತ್ರದ ಗಂಟು ಕೈಗೆ ಸಿಗುತ್ತದೆ, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ತೋಳನ್ನು ಮೈಗೆ ಒರಗಿಸಲಾಗುವುದಿಲ್ಲ, ಕಾಲು ಸೇರಿಸಿ ನಡೆಯಲಾಗುವುದಿಲ್ಲ. ಒಂದೆರಡು ವಾರ ಕಾಡಿ, ಒಡೆದೋ ಒಡೆಯದೆಯೋ ಅಡಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದೇ ಜಾಗದಲ್ಲಿ, ಇಲ್ಲವೇ ಎರಡು ಬೆರಳು ಆಚೆಗೆ, ಮತ್ತೆ ಹಾಜರು. ಹೀಗೆ ವರ್ಷಗಟ್ಟಲೆ. ವೈದ್ಯಶಾಸ್ತ್ರ ಇದನ್ನು ಹೈಡ್ರಡೆನೈಟಿಸ್ ಸಪ್ಪುರಟೈವಾ ಎನ್ನುತ್ತದೆ. ಚೀಟಿಯಲ್ಲಿ ಡಾಕ್ಟರು ಎಚ್‌ಎಸ್ ಎಂದಷ್ಟೇ ಬರೆಯುತ್ತಾರೆ. ಇಲ್ಲಿ ನಾವೂ ಹಾಗೆಯೇ ಕರೆಯೋಣ.

ಎಚ್‌ಎಸ್ ಅನ್ನು ಗುರುತಿಸಲು ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಕೂಡ ಕಡ್ಡಾಯವಲ್ಲ. ಡಾಕ್ಟರು ನೋಡುವುದು ಮೂರು ಸಂಗತಿ: ಕುರುವಿನ ಸ್ವರೂಪ, ಅದು ಎದ್ದ ಜಾಗ, ಮರುಕಳಿಸುವ ಚಾಳಿ. ಆಳದ ಗಂಟು, ಕೀವಿನ ಗಡ್ಡೆ, ಹುರಿಗಟ್ಟಿದ ಕಲೆ, ಅಕ್ಕಪಕ್ಕ ಜೋಡಿಯಾಗಿ ಕೂತ ಕಪ್ಪು ಚುಕ್ಕಿಗಳು ಇವು ಸ್ವರೂಪ. ಕಂಕುಳು, ತೊಡೆಸಂದಿ, ಸ್ತನದ ಕೆಳಮಡಿಕೆ, ಪಿರ್ರೆ, ಗುದದ ಸುತ್ತಮುತ್ತ, ಅಂದರೆ ಚರ್ಮಕ್ಕೆ ಚರ್ಮ ತಾಗುವ ಕಡೆಗಳು ಅದರ ಜಾಗ. ಆರು ತಿಂಗಳಲ್ಲಿ ಎರಡು ಸಲವಾದರೂ ಎದ್ದಿದ್ದರೆ ಚಾಳಿ ಖಚಿತ. ಇಷ್ಟು ಸುಲಭದ ಲೆಕ್ಕವಾದರೂ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮೊದಲ ಕುರುವಿನಿಂದ ಸರಿಯಾದ ಹೆಸರು ಸಿಗುವವರೆಗೆ ಸರಾಸರಿ ಏಳರಿಂದ ಹತ್ತು ವರ್ಷ ಹಿಡಿದಿದೆ. ಕಾರಣ ಸರಳ. ಪ್ರತಿ ಸಲವೂ ಹೊಸ ಡಾಕ್ಟರು ಒಂದೇ ಒಂದು ಕುರುವನ್ನು ನೋಡುತ್ತಾರೆ. ಹಿಂದಿನ ಹತ್ತನ್ನು ರೋಗಿ ಹೇಳುವುದಿಲ್ಲ, ಅವರು ಕೇಳುವುದೂ ಇಲ್ಲ.

ಒಳಗೆ ನಡೆಯುವುದೇನು? 1854ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ವರ್ನಾಯ್ ಇದನ್ನು ಬೆವರಿನ ಗ್ರಂಥಿಯ ರೋಗವೆಂದು ಬಗೆದು ಆ ಅರ್ಥದ ಹೆಸರನ್ನೇ ಕೊಟ್ಟ. ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಅದನ್ನೇ ನಂಬಿತು. ಈಗ ಗೊತ್ತಿರುವಂತೆ ತೊಂದರೆಯ ಮೂಲ ಕೂದಲಿನ ಬುಡದಲ್ಲಿದೆ. ಪ್ರತಿ ಕೂದಲೂ ಚರ್ಮದೊಳಗೆ ಸಣ್ಣ ಚೀಲವೊಂದರಲ್ಲಿ ಕೂತಿರುತ್ತದೆ. ಎಚ್‌ಎಸ್ ಇರುವವರಲ್ಲಿ ಆ ಚೀಲದ ಬಾಯಿಯ ಚರ್ಮ ದಪ್ಪವಾಗಿ ಕಟ್ಟಿಕೊಳ್ಳುತ್ತದೆ. ಹೊರಗೆ ಬರಬೇಕಾದ ಸತ್ತ ಕೋಶ, ಜಿಡ್ಡು ಒಳಗೇ ತುಂಬಿ ಚೀಲ ಉಬ್ಬುತ್ತದೆ, ಕೊನೆಗೆ ಚರ್ಮದ ಆಳದಲ್ಲಿ ಬಿರಿಯುತ್ತದೆ. ಇರಬಾರದ ಜಾಗಕ್ಕೆ ಇವೆಲ್ಲ ಚೆಲ್ಲಿದಾಗ ದೇಹದ ರೋಗನಿರೋಧಕ ವ್ಯವಸ್ಥೆ ಮೈಮೇಲೆ ಬಂದಂತೆ ವರ್ತಿಸುತ್ತದೆ. ಆ ಉರಿಯೂತವೇ ಗಂಟು, ಆ ಉರಿಯೂತವೇ ನೋವು. ಬ್ಯಾಕ್ಟೀರಿಯಾಗಳು ಅಲ್ಲಿ ಇರುತ್ತವೆ, ವಾಸನೆಗೂ ಕಾರಣವಾಗುತ್ತವೆ, ಆದರೆ ರೋಗವನ್ನು ಹುಟ್ಟಿಸಿದ್ದು ಅವಲ್ಲ. ಸಾಮಾನ್ಯ ಕುರುವಿನ ಕೀವನ್ನು ಲ್ಯಾಬಿಗೆ ಕಳಿಸಿದರೆ ರೋಗಾಣು ಸಿಗುತ್ತದೆ. ಎಚ್‌ಎಸ್ ಕೀವಿನಲ್ಲಿ ಎಷ್ಟೋ ಸಲ ಚರ್ಮದ ಮೇಲೆ ಎಲ್ಲರಲ್ಲೂ ಇರುವ ಸಾಮಾನ್ಯ ಜೀವಿಗಳೇ ಸಿಕ್ಕಿ ವರದಿ ಗೊಂದಲ ಹುಟ್ಟಿಸುತ್ತದೆ.

ಮತ್ತೆ ಮತ್ತೆ ಬಿರಿದ ಚೀಲಗಳು ಒಳಗೊಳಗೇ ಒಂದನ್ನೊಂದು ಸೇರಿ ಸುರಂಗವಾಗುತ್ತವೆ. ಆ ಸುರಂಗದ ಒಳಗೋಡೆಯ ಮೇಲೆ ಚರ್ಮವೇ ಬೆಳೆದುಬಿಡುತ್ತದೆ. ಅಲ್ಲಿಂದ ಮುಂದೆ ಅದು ಹೆಗ್ಗಣದ ಬಿಲದ ಲೆಕ್ಕ: ಈ ಬಾಯಿ ಮುಚ್ಚಿದರೆ ಆ ಬಾಯಿಯಲ್ಲಿ ಹೊರಗೆ. 1989ರಲ್ಲಿ ಹರ್ಲಿ ಎಂಬ ವೈದ್ಯರು ಮಾಡಿದ ಮೂರು ಹಂತಗಳ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. ಸುರಂಗ, ಕಲೆ ಇಲ್ಲದೆ ಗಡ್ಡೆಗಳಷ್ಟೇ ಇದ್ದರೆ ಒಂದನೇ ಹಂತ. ಅಲ್ಲೊಂದು ಇಲ್ಲೊಂದು ಸುರಂಗ ಕಂಡರೆ ಎರಡು. ಇಡೀ ಕಂಕುಳೋ ತೊಡೆಸಂದಿಯೋ ಸುರಂಗಗಳ ಜಾಲವಾದರೆ ಮೂರು. ಒಂದನೇ ಹಂತದಲ್ಲೇ ಕೈಗೆ ಸಿಕ್ಕವರಿಗೆ ಔಷಧದ ದಾರಿಗಳು ಹೆಚ್ಚು. ಸುರಂಗ ಒಮ್ಮೆ ಆದರೆ ಮಾತ್ರೆಯಿಂದ ಅದು ಮುಚ್ಚಿಹೋಗುವುದು ಕಷ್ಟ. ಹೆಸರು ಬೇಗ ಗೊತ್ತಾಗಬೇಕು ಎಂಬ ಒತ್ತಾಯ ಅದಕ್ಕೇ.

ಯಾರಿಗೆ ಬರುತ್ತದೆ ಎಂದರೆ, ಹರೆಯಕ್ಕೆ ಬಂದ ಮೇಲೆ, ಹೆಚ್ಚಾಗಿ ಇಪ್ಪತ್ತರ ಆಸುಪಾಸಿನಲ್ಲಿ ಶುರು. ಮೂವರಲ್ಲಿ ಒಬ್ಬರ ಮನೆಯಲ್ಲಿ ಇನ್ನೊಬ್ಬರಿಗೂ ಇರುತ್ತದೆ. ಯುರೋಪ್, ಅಮೆರಿಕದಲ್ಲಿ ಹೆಂಗಸರೇ ಹೆಚ್ಚು, ಜಪಾನ್, ಕೊರಿಯಾದಲ್ಲಿ ಗಂಡಸರು. ಧೂಮಪಾನ ಮತ್ತು ಸ್ಥೂಲಕಾಯದ ಜೊತೆ ಗಟ್ಟಿ ನಂಟಿದೆ, ಆದರೆ ಸಣಕಲು ಮೈಯ, ಬೀಡಿ ಸಿಗರೇಟು ಮುಟ್ಟದವರಿಗೂ ಬರುತ್ತದೆ. ಸಕ್ಕರೆ ಕಾಯಿಲೆ, ಹೆಂಗಸರ ಅಂಡಾಶಯದ ತೊಂದರೆಯಾದ ಪಿಸಿಒಎಸ್, ಕರುಳಿನ ಕ್ರೋನ್ಸ್ ರೋಗ, ಬೆನ್ನುಮೂಳೆಯ ಕೀಲುಗಳ ಬಾವು ಇದರ ನೆಂಟರು. ಹಾಗಾಗಿ ಎಚ್‌ಎಸ್ ಎಂದು ಗೊತ್ತಾದ ಮೇಲೆ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ನೋಡಿಸಿಕೊಳ್ಳುವುದು ಅದೇ ಚಿಕಿತ್ಸೆಯ ಭಾಗ. ಸ್ನಾನ ಸರಿಯಾಗಿ ಮಾಡದ್ದರಿಂದ ಇದು ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಹಾಸಿಗೆ ಹಂಚಿಕೊಂಡರೂ ಸರಿ, ಟವೆಲ್ ಹಂಚಿಕೊಂಡರೂ ಸರಿ. ಲೈಂಗಿಕ ರೋಗವಂತೂ ಅಲ್ಲವೇ ಅಲ್ಲ. ಕಂಡ ಜಾಗ ನೋಡಿ ಸಂಶಯಪಡುವವರಿಗೆ ಈ ಮಾತನ್ನು ಡಾಕ್ಟರ ಬಾಯಿಂದಲೇ ಹೇಳಿಸುವುದು ಒಳ್ಳೆಯದು.

ನಮ್ಮಲ್ಲಿ ರೋಗಿ ಮೊದಲು ಹೋಗುವುದು ಹತ್ತಿರದ ಕ್ಲಿನಿಕ್ಕಿಗೆ, ಅಲ್ಲಿಂದ ಸರ್ಜನ್ ಬಳಿಗೆ. ಮರಗಟ್ಟಿಸಿ, ಕೊಯ್ದು, ಕೀವು ತೆಗೆದು, ಐದು ದಿನದ ಆ್ಯಂಟಿಬಯೋಟಿಕ್ ಕೊಟ್ಟು ಕಳಿಸುತ್ತಾರೆ. ಕೀವು ಬಿಗಿದು ಸಿಡಿಯುವಂತಾಗಿದ್ದಾಗ ಆ ಕೊಯ್ತದಿಂದ ಸಿಗುವ ನಿರಾಳ ಸುಳ್ಳಲ್ಲ, ಅಂಥ ಹೊತ್ತಿನಲ್ಲಿ ಅದು ಬೇಕು ಕೂಡ. ಆದರೆ ಚೀಲ ಒಳಗೇ ಉಳಿಯುವುದರಿಂದ ಬರೀ ಕೊಯ್ದು ಬಿಟ್ಟ ಎಚ್‌ಎಸ್ ಕುರು ಹೆಚ್ಚುಕಡಿಮೆ ಪ್ರತಿ ಸಲವೂ ಮರಳುತ್ತದೆ. ಇನ್ನೂ ಗಟ್ಟಿ ಗಂಟಾಗಿರುವುದನ್ನು ಕೊಯ್ದರೆ ಕೀವೂ ಬರುವುದಿಲ್ಲ, ಕಲೆಯೊಂದು ಲಾಭ.

ಬರೀ ಕೊಯ್ದರೆ ಫಲವಿಲ್ಲ ಎಂಬುದಕ್ಕೆ ಕಾರ್ಲ್ ಮಾರ್ಕ್ಸ್ ಹಳೆಯ ಸಾಕ್ಷಿ ಇರಬಹುದು. ‘ಬಂಡವಾಳ’ದ ಮೊದಲ ಸಂಪುಟ ಹೊರಬಂದದ್ದು 1867ರಲ್ಲಿ. ಅದನ್ನು ಬರೆಯುತ್ತಿದ್ದ ವರ್ಷಗಳಲ್ಲಿ ಅವನು ಗೆಳೆಯ ಎಂಗೆಲ್ಸ್‌ಗೆ ಬರೆದ ಪತ್ರಗಳ ತುಂಬ ಕುರುಗಳದ್ದೇ ಗೋಳು: ಕೂರಲಾಗದು, ಬರೆಯಲಾಗದು, ಒಂದು ಹೋದರೆ ಇನ್ನೊಂದು. ಪಾಷಾಣದ ಔಷಧ ನುಂಗಿದ. 1866ರಲ್ಲಿ ತಾಳಲಾರದೆ ಕ್ಷೌರದ ಕತ್ತಿ ಹಿಡಿದು ತಾನೇ ಒಂದನ್ನು ಕೊಯ್ದುಕೊಂಡ, ಆಮೇಲೆ ಸಮುದ್ರದ ಗಾಳಿಗೆಂದು ಮಾರ್ಗೇಟ್ ಊರಿಗೆ ಹೋದ. ಆ ಪತ್ರಗಳಲ್ಲಿನ ವಿವರಗಳನ್ನು ಆಧರಿಸಿ 2007ರಲ್ಲಿ ಬ್ರಿಟನ್ನಿನ ಚರ್ಮವೈದ್ಯ ಸ್ಯಾಮ್ ಶುಸ್ಟರ್ ಅದು ಎಚ್‌ಎಸ್ ಎಂದು ವಾದಿಸಿದರು. ಸತ್ತವನಿಗೆ ರೋಗ ಹೆಸರಿಸುವುದು ಊಹೆಯೇ ಸರಿ, ಆದರೆ ಜಾಗ, ಮರುಕಳಿಕೆ, ಕತ್ತಿಯ ನಿಷ್ಫಲತೆ ಮೂರೂ ಹೊಂದುತ್ತವೆ. ಮನೆಯಲ್ಲಿ ಬ್ಲೇಡು, ಸೂಜಿ ಹಿಡಿಯುವವರು ಮಾರ್ಕ್ಸ್‌ಗಿಂತ ಹೆಚ್ಚಿನದನ್ನೇನೂ ಪಡೆಯುವುದಿಲ್ಲ. ಹಿಂಡುವುದಂತೂ ಇನ್ನೂ ಕೆಟ್ಟದ್ದು. ಚೀಲ ಮೇಲೆ ಒಡೆಯುವ ಬದಲು ಆಳದಲ್ಲಿ ಬಿರಿದು ಹರಡುತ್ತದೆ. ಎಕ್ಕದ ಹಾಲು, ಸುಣ್ಣ ಈ ಮೆತ್ತನೆಯ ಮಡಿಕೆಗಳಲ್ಲಿ ಚರ್ಮವನ್ನು ಸುಟ್ಟು ಹುಣ್ಣಿನ ಮೇಲೆ ಹುಣ್ಣು ಮಾಡುತ್ತವೆ. ತೊಡೆಸಂದಿಯದ್ದನ್ನು ಹುಳುಕಡ್ಡಿ ಎಂದುಕೊಂಡು ಔಷಧದಂಗಡಿಯಿಂದ ತರುವ ಮಿಶ್ರ ಮುಲಾಮುಗಳಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಷ್ಟು ತೆಳುವಾಗುತ್ತದೆ, ಕುರು ಇದ್ದಲ್ಲೇ ಇರುತ್ತದೆ.

ಹೋಗಬೇಕಾದದ್ದು ಚರ್ಮರೋಗ ತಜ್ಞರ ಬಳಿಗೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೆಲ್ಲ ಈ ವಿಭಾಗ ಇದೆ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಹೀಗೆ. ಅಲ್ಲೊಂದು ಸಣ್ಣ ಮುಜುಗರ ಕಾದಿರುತ್ತದೆ: ನಮ್ಮ ದೇಶದಲ್ಲಿ ಚರ್ಮರೋಗ, ಲೈಂಗಿಕ ರೋಗ ಮತ್ತು ಕುಷ್ಠರೋಗ ಒಂದೇ ವಿಭಾಗ, ಬೋರ್ಡಿನ ಮೇಲೆ ಮೂರನ್ನೂ ಬರೆದಿರುತ್ತಾರೆ. ಆ ಬೋರ್ಡಿನ ಕೆಳಗೆ ಸಾಲಿನಲ್ಲಿ ನಿಲ್ಲಲು ಹಿಂಜರಿದು ವಾಪಸು ಬಂದವರು ಎಷ್ಟೋ ಜನ. ನಿಲ್ಲಿ. ಆ ಸಾಲಿನಲ್ಲಿ ಮೊಡವೆ, ತಲೆಹೊಟ್ಟು, ಕಜ್ಜಿಗೆಂದು ಬಂದವರೇ ಹೆಚ್ಚು. ಹೆಣ್ಣುಮಕ್ಕಳು ಮಹಿಳಾ ಡಾಕ್ಟರು ಬೇಕೆಂದು, ಇಲ್ಲದಿದ್ದರೆ ಪರೀಕ್ಷೆಯ ಹೊತ್ತಿಗೆ ನರ್ಸೊಬ್ಬರು ಜೊತೆಗಿರಬೇಕೆಂದು ಕೇಳಬಹುದು, ಅದು ತಕರಾರೇನಲ್ಲ.

ಹೋಗುವ ದಿನ ಕುರು ಅಡಗಿರುತ್ತದೆ. ಇದು ಎಚ್‌ಎಸ್‌ನ ಕುಚೇಷ್ಟೆ. ಅದಕ್ಕೇ ಎದ್ದಾಗಲೆಲ್ಲ ಫೋನಿನಲ್ಲಿ ಚಿತ್ರ ತೆಗೆದಿಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಯಾವ ತಿಂಗಳು, ಎಷ್ಟು ದಿನ, ಮುಟ್ಟಿಗೆ ಎಷ್ಟು ದಿನ ಮೊದಲು (ಬಹಳ ಹೆಂಗಸರಿಗೆ ಮುಟ್ಟಿನ ಹಿಂದಿನ ವಾರ ಜೋರಾಗುತ್ತದೆ), ಎಷ್ಟು ಸಲ ಕೊಯ್ಸಿದ್ದು, ಮನೆಯಲ್ಲಿ ಇನ್ಯಾರಿಗಿದೆ. ಡಾಕ್ಟರ ಕೋಣೆಯಲ್ಲಿ ಸಿಗುವ ಐದು ನಿಮಿಷದಲ್ಲಿ ‘ಕುರು ಆಗಿದೆ’ ಎನ್ನುವ ಬದಲು ‘ಎರಡು ವರ್ಷದಿಂದ ಇದೇ ಜಾಗಗಳಲ್ಲಿ ಮತ್ತೆ ಮತ್ತೆ ಆಗುತ್ತಿದೆ’ ಎಂದು ಶುರು ಮಾಡಿದರೆ ಅರ್ಧ ಕೆಲಸ ಆದಂತೆ. ಕಂಕುಳು ತೋರಿಸಿ ತೊಡೆಸಂದಿಯದ್ದನ್ನು ಮುಚ್ಚಿಡಬೇಡಿ. ಎರಡು ಕಡೆ ಇರುವುದೂ ರೋಗದ ಗುರುತೇ.

ಒಂದು ವಿಷಯದಲ್ಲಿ ನಮ್ಮ ಡಾಕ್ಟರುಗಳು ಪಾಶ್ಚಾತ್ಯರಿಗಿಂತ ಹೆಚ್ಚು ಎಚ್ಚರದಿಂದಿರಬೇಕು: ಕ್ಷಯ. ಕುತ್ತಿಗೆ, ಕಂಕುಳು, ತೊಡೆಸಂದಿಯ ದುಗ್ಧಗ್ರಂಥಿಗಳಿಗೆ ಟಿಬಿ ತಗಲಿ ಅದು ಚರ್ಮವನ್ನು ತೂತು ಮಾಡಿಕೊಂಡು ಸುರಿದರೂ ನೋಡಲು ಹೀಗೆಯೇ ಇರುತ್ತದೆ. ಅಲ್ಲಿ ನೋವು ಕಡಿಮೆ, ಜೊತೆಗೆ ಜ್ವರ, ತೂಕ ಇಳಿಕೆ ಇರಬಹುದು. ಸಂಶಯವಿದ್ದರೆ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಬೇಡ ಎನ್ನಬೇಡಿ.

ಔಷಧದ ಮಾತಿಗೆ ಬಂದರೆ, ಬುಡಸಮೇತ ಕಿತ್ತು ಹಾಕುವ ಮದ್ದು ಇನ್ನೂ ಇಲ್ಲ. ಹಾಗೆ ಭರವಸೆ ಕೊಡುವ ಜಾಹೀರಾತುಗಳಿಂದ ದೂರವಿರಬೇಕು. ಹತೋಟಿಗೆ ತರುವ ಮದ್ದುಗಳು ಮಾತ್ರ ಸಾಕಷ್ಟಿವೆ. ಸಣ್ಣ ಮಟ್ಟದ ಎಚ್‌ಎಸ್‌ಗೆ ಕ್ಲಿಂಡಮೈಸಿನ್ 1 ಶೇಕಡಾ ದ್ರಾವಣವನ್ನು ದಿನಕ್ಕೆ ಎರಡು ಸಲ ಹಚ್ಚಲು ಕೊಡುತ್ತಾರೆ. ಅದಕ್ಕೆ ಬಗ್ಗದಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ, ಸುಮಾರು 12 ವಾರ. ಇಲ್ಲಿ ಆ್ಯಂಟಿಬಯೋಟಿಕ್‌ನ ಕೆಲಸ ರೋಗಾಣು ಕೊಲ್ಲುವುದಕ್ಕಿಂತ ಉರಿಯೂತ ತಗ್ಗಿಸುವುದು. ಹಾಗಾಗಿಯೇ ಐದು ದಿನದ ಕೋರ್ಸು ಏನೂ ಮಾಡುವುದಿಲ್ಲ, ಹಾಗಾಗಿಯೇ ಎರಡನೇ ವಾರಕ್ಕೆ ‘ಗುಣ ಕಾಣಲಿಲ್ಲ’ ಎಂದು ಬಿಡುವವರು ಮೋಸ ಹೋಗುತ್ತಾರೆ. ಡಾಕ್ಸಿಸೈಕ್ಲಿನ್ ನುಂಗುವಾಗ ತುಂಬು ಲೋಟ ನೀರು ಕುಡಿಯಬೇಕು, ನುಂಗಿದ ಕೂಡಲೇ ಮಲಗಬಾರದು, ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ. ಗರ್ಭಿಣಿಯರಿಗೆ ಅದು ಸಲ್ಲದು. ಎದ್ದ ಒಂದೆರಡು ಗಂಟುಗಳಿಗೆ ನೇರವಾಗಿ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಒಂದೆರಡು ದಿನದಲ್ಲಿ ನೋವು ಇಳಿಯುವುದುಂಟು. ಮುಟ್ಟಿನ ಜೊತೆ ಏರಿಳಿಯುವ, ಪಿಸಿಒಎಸ್ ಇರುವ ಹೆಂಗಸರಿಗೆ ಸ್ಪೈರೊನೊಲ್ಯಾಕ್ಟೋನ್, ಮೆಟ್‌ಫಾರ್ಮಿನ್ ನೆರವಾಗಬಹುದು. ಮೊಡವೆಗೆ ರಾಮಬಾಣವಾದ ಐಸೊಟ್ರೆಟಿನಾಯಿನ್ ಇಲ್ಲಿ ಹೆಚ್ಚು ಸಾಗುವುದಿಲ್ಲ.

ಮುಂದಿನ ಮೆಟ್ಟಿಲು ಕ್ಲಿಂಡಮೈಸಿನ್ ಮತ್ತು ರಿಫಾಂಪಿಸಿನ್ ಜೋಡಿ, ಹತ್ತು ಹನ್ನೆರಡು ವಾರ. ರಿಫಾಂಪಿಸಿನ್ ಎಂದರೆ ಕ್ಷಯದ ಮುಖ್ಯ ಔಷಧ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಗರ್ಭನಿರೋಧಕ ಮಾತ್ರೆಯ ಬಲವನ್ನು ಅದು ಕುಗ್ಗಿಸುತ್ತದೆ, ಅಲ್ಲಿ ಮಾತ್ರ ಗಾಬರಿ ಬೇಕು. ಅರಿಯದ ಟಿಬಿ ಒಳಗಿದ್ದವರಿಗೆ ಇದನ್ನೊಂದನ್ನೇ ಕೊಟ್ಟರೆ ಟಿಬಿ ರೋಗಾಣು ಔಷಧಕ್ಕೆ ಜಗ್ಗದಂತಾಗುವ ಅಪಾಯವಿದೆ. ನಮ್ಮ ದೇಶದಲ್ಲಿ ಈ ಜೋಡಿಯನ್ನು ಕೊಡುವ ಮುನ್ನ ಡಾಕ್ಟರು ಯೋಚಿಸುವುದು, ಎದೆಯ ಎಕ್ಸ್‌ರೇ ಕೇಳುವುದು ಅದಕ್ಕೆ. ಔಷಧದಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ಮತ್ತೆ ತರುವ ಮದ್ದು ಇದಲ್ಲ.

ಎರಡು, ಮೂರನೇ ಹಂತಕ್ಕೆ ಬಯೊಲಾಜಿಕ್ ಚುಚ್ಚುಮದ್ದುಗಳಿವೆ. ಅಡಾಲಿಮುಮ್ಯಾಬ್‌ಗೆ ಅಮೆರಿಕ ಮತ್ತು ಯುರೋಪಿನಲ್ಲಿ ಎಚ್‌ಎಸ್‌ಗೆಂದು ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ. 2023ರಲ್ಲಿ ಸೆಕುಕಿನುಮ್ಯಾಬ್, 2024ರಲ್ಲಿ ಬಿಮೆಕಿಜುಮ್ಯಾಬ್ ಸೇರಿದವು. ಅಡಾಲಿಮುಮ್ಯಾಬ್‌ನ ಎರಡು ದೊಡ್ಡ ಪ್ರಯೋಗಗಳಲ್ಲಿ 12 ವಾರದ ಹೊತ್ತಿಗೆ ಗಂಟು, ಗಡ್ಡೆಗಳ ಸಂಖ್ಯೆ ಅರ್ಧಕ್ಕಿಳಿದವರು ಒಂದರಲ್ಲಿ ನೂರಕ್ಕೆ 42, ಇನ್ನೊಂದರಲ್ಲಿ 59. ಹೋಲಿಕೆಗೆಂದು ಸುಳ್ಳು ಮದ್ದು ಪಡೆದವರಲ್ಲಿ 26 ಮತ್ತು 28. ಈ ಅಂಕಿಗಳನ್ನು ಕೊಡುತ್ತಿರುವುದು ನಿರಾಸೆ ಮಾಡಲಿಕ್ಕಲ್ಲ. ಅತ್ಯುತ್ತಮ ಮದ್ದಿನಿಂದಲೂ ಇಷ್ಟು ನಿರೀಕ್ಷಿಸಬಹುದು ಎಂದು ಮೊದಲೇ ಗೊತ್ತಿದ್ದರೆ ಅರ್ಧ ಗುಣವಾದಾಗ ಅದನ್ನು ಸೋಲು ಎಂದುಕೊಳ್ಳುವುದಿಲ್ಲ. ನಮ್ಮಲ್ಲಿ 2014ರ ಕೊನೆಯಿಂದ ದೇಶದಲ್ಲೇ ತಯಾರಾದ ಅಡಾಲಿಮುಮ್ಯಾಬ್ ಸಿಗುತ್ತಿದೆ, ಬೆಲೆ ಇಳಿದಿದೆ, ಆದರೂ ಬಡವರ ಕೈಗೆಟಕುವಷ್ಟಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವುದೇ, ವಿಮೆಗೆ ಒಳಪಡುವುದೇ ಎಂದು ಶುರು ಮಾಡುವ ಮೊದಲೇ ಕೇಳಬೇಕು, ನಡುವೆ ನಿಲ್ಲಿಸಿದರೆ ರೋಗ ಮರಳುತ್ತದೆ. ಈ ಮದ್ದು ರೋಗನಿರೋಧಕ ಶಕ್ತಿಯ ಒಂದು ಭಾಗವನ್ನು ಅಡಗಿಸುವುದರಿಂದ, ಮಲಗಿರುವ ಟಿಬಿ ಮತ್ತು ಹೆಪಟೈಟಿಸ್ ಬಿ ಇದೆಯೇ ಎಂದು ಪರೀಕ್ಷಿಸದೆ ಕೊಡುವಂತಿಲ್ಲ.

ಸುರಂಗಗಳಿಗೆ ಶಸ್ತ್ರಚಿಕಿತ್ಸೆಯೇ ದಾರಿ, ಆದರೆ ಹಿಂದೆ ಹೇಳಿದ ಬರೀ ಕೊಯ್ತವಲ್ಲ. ಸುರಂಗದ ಮೇಲ್ಛಾವಣಿಯನ್ನು ಪೂರ್ತಿ ಕತ್ತರಿಸಿ ತೆಗೆದು, ತಳವನ್ನು ಕೆರೆದು, ಹೊಲಿಯದೆ ತೆರೆದೇ ಬಿಟ್ಟು ಒಳಗಿನಿಂದ ತುಂಬಿಕೊಳ್ಳಲು ಬಿಡುವ ವಿಧಾನವಿದೆ. ಜಾಗ ಮರಗಟ್ಟಿಸಿ ಅದೇ ದಿನ ಮನೆಗೆ ಕಳಿಸುತ್ತಾರೆ. ಗಾಯ ಮಾಯಲು ವಾರಗಳೇ ಹಿಡಿದರೂ ಆ ಸುರಂಗ ಮರಳುವುದು ಬಹಳ ಕಡಿಮೆ. ಇಡೀ ಜಾಗ ಹಾಳಾಗಿದ್ದರೆ ಅಗಲವಾಗಿ ತೆಗೆದು ತೊಡೆಯ ಚರ್ಮ ಕಸಿ ಮಾಡುವುದೂ ಇದೆ. ಆಪರೇಷನ್ ಎಂದ ಕೂಡಲೇ ಒಪ್ಪುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಕೀವು ಮಾತ್ರ ತೆಗೆಯುತ್ತೀರೋ, ಸುರಂಗವನ್ನೇ ತೆಗೆಯುತ್ತೀರೋ?’ ಉತ್ತರದಲ್ಲೇ ಮುಂದಿನ ವರ್ಷದ ಭವಿಷ್ಯವಿದೆ.

ಇದೆಲ್ಲ ಆಸ್ಪತ್ರೆಯ ಸಂಗತಿ. ಉಳಿದ ದಿನಗಳು ಮನೆಯವು, ಬಸ್ಸಿನವು, ಕೆಲಸದ ಜಾಗದವು. ಅಲ್ಲಿ ದೊಡ್ಡ ತಲೆನೋವು ಸೋರುವ ಗಾಯ. ಅಂಟು ಟೇಪು ನೋಯುವ ಚರ್ಮವನ್ನು ಕೀಳುವುದರಿಂದ ಟೇಪಿಲ್ಲದೆ ಡ್ರೆಸ್ಸಿಂಗ್ ನಿಲ್ಲಿಸುವ ಉಪಾಯ ಬೇಕು. ಗಾಯಕ್ಕೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದ ಗಾಜ್, ಮೇಲೆ ಹೀರುವ ಪ್ಯಾಡ್, ಅದರ ಮೇಲೆ ಮೈಗೊಪ್ಪುವ ಹತ್ತಿ ಬನಿಯನ್ನೋ ಕೊಳವೆಯಾಕಾರದ ಬ್ಯಾಂಡೇಜೋ ಹಾಕಿದರೆ ಕಂಕುಳದ್ದು ನಿಲ್ಲುತ್ತದೆ. ತೊಡೆಸಂದಿಗೆ, ಪಿರ್ರೆಗೆ ಅಂಗಡಿಯ ಸ್ಯಾನಿಟರಿ ಪ್ಯಾಡು ಬಹಳ ಜನರ ಗುಟ್ಟಿನ ಸಾಧನ. ಗಂಡಸರೂ ಬಳಸುತ್ತಾರೆ, ನಾಚಬೇಕಾದ್ದಿಲ್ಲ. ಹಳೆಯ ಪಂಚೆ, ಹತ್ತಿ ಸೀರೆಯ ಮೆತ್ತನೆ ಬಟ್ಟೆ ಕುದಿಯುವ ನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿದ್ದಾದರೆ ದುಬಾರಿ ಫೋಮ್ ಡ್ರೆಸ್ಸಿಂಗಿಗೆ ಸಾಕಷ್ಟು ಒಳ್ಳೆಯ ಬದಲಿ. ಒಣಗಿ ಅಂಟಿಕೊಂಡದ್ದನ್ನು ಎಳೆಯದೆ ಉಗುರುಬೆಚ್ಚಗಿನ ನೀರು ಸುರಿದು ನೆನೆಸಿ ತೆಗೆಯಿರಿ.

ಸ್ನಾನಕ್ಕೆ ಕ್ಲೋರ್‌ಹೆಕ್ಸಿಡಿನ್ ಅಥವಾ ಬೆಂಜಾಯಿಲ್ ಪೆರಾಕ್ಸೈಡ್ ಇರುವ ವಾಶ್ ಸಲಹೆ ಮಾಡುತ್ತಾರೆ: ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು, ತೊಳೆಯುವುದು. ಎರಡನೆಯದು ಟವೆಲ್, ರವಿಕೆಗಳ ಬಣ್ಣ ತೆಗೆದುಬಿಡುತ್ತದೆ, ಬಿಳಿ ಟವೆಲ್ ಇಟ್ಟುಕೊಳ್ಳಿ. ತೆಂಗಿನ ನಾರು, ಬ್ರಷ್ಷು, ಉಜ್ಜುವ ಕಲ್ಲು ಈ ಜಾಗಗಳಿಗೆ ಬೇಡ. ಆ್ಯಂಟಿಸೆಪ್ಟಿಕ್ ದ್ರವವನ್ನು ನೀರು ಬೆರೆಸದೆ ಸುರಿದುಕೊಳ್ಳುವುದು ಚರ್ಮಕ್ಕೆ ಶಿಕ್ಷೆಯೇ ಹೊರತು ಶುಚಿಯಲ್ಲ. ವಾಸನೆಗೆ ಸೆಂಟು ಸಿಂಪಡಿಸಿದರೆ ಎರಡು ವಾಸನೆ ಸೇರುತ್ತದೆ. ಗಾಯದ ವಾಸನೆ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾದ್ದಾದ್ದರಿಂದ ಮೆಟ್ರೊನಿಡಜೋಲ್ ಜೆಲ್ ಕೇಳಿ ಪಡೆಯಬಹುದು. ಕುರು ಎದ್ದಿರುವಾಗ ಕ್ಷೌರ, ವ್ಯಾಕ್ಸಿಂಗ್ ನಿಲ್ಲಿಸಿ, ಕತ್ತರಿಯಲ್ಲಿ ಮೊಟಕು ಮಾಡಿದರೆ ಸಾಕು. ಲೇಸರಿನಿಂದ ಕೂದಲ ಬುಡ ಸುಡಿಸುವುದು ಕೆಲವರಿಗೆ ರೋಗವನ್ನೇ ಇಳಿಸಿದೆ. ಕೇವಲ ಚಂದಕ್ಕಲ್ಲ ಅದು.

ಬಟ್ಟೆಯ ವಿಷಯ ದರ್ಜಿಯ ಹತ್ತಿರ ಇತ್ಯರ್ಥವಾಗುತ್ತದೆ. ರವಿಕೆಯ ಕಂಕುಳ ಹೊಲಿಗೆಯನ್ನು ಒಂದಿಂಚು ಸಡಿಲಿಸಿ, ಒಳಗೆ ದಪ್ಪ ಅಂಚು ಬಾರದಂತೆ ಹೊಲಿಯಲು ಹೇಳಿ. ಬಿಗಿ ಜೀನ್ಸ್, ತೊಡೆಸಂದಿಯಲ್ಲಿ ಎಲಾಸ್ಟಿಕ್ ಕಚ್ಚುವ ಒಳ ಉಡುಪು ಬೇಡ. ಮನೆಯಲ್ಲಿ ಲುಂಗಿ, ನೈಟಿಗಳಷ್ಟು ಒಳ್ಳೆಯ ಔಷಧ ಕಡಿಮೆ. ಮಂಗಳೂರಿನ ಬೆವರಿನಲ್ಲಿ, ಕಲಬುರಗಿಯ ಏಪ್ರಿಲ್‌ನಲ್ಲಿ ದಿನಕ್ಕೆರಡು ಸಲ ಬಟ್ಟೆ ಬದಲಾಯಿಸುವುದು ಶೋಕಿಯಲ್ಲ. ಹಗಲಿಡೀ ಕೂತು ಮಾಡುವ ಕೆಲಸ, ಡ್ರೈವರು, ಗಾರ್ಮೆಂಟ್ಸ್ ಟೈಲರ್ ಇಂಥವರಿಗೆ ಪಿರ್ರೆಯ ಕುರು ನರಕ. ಮೆತ್ತನೆಯ ಆಸನ, ಗಂಟೆಗೊಮ್ಮೆ ಎದ್ದು ನಿಲ್ಲುವ ಅವಕಾಶ ಬೇಕೆಂದು ಡಾಕ್ಟರಿಂದ ಚೀಟಿ ಬರೆಸಿ ತಂದರೆ, ‘ಕುರುವಿಗೆ ರಜೆಯೇ?’ ಎಂಬ ಸೂಪರ್‌ವೈಸರನ ಕೊಂಕಿಗೆ ಒಂದು ಕಾಗದದ ಉತ್ತರವಾದರೂ ಇರುತ್ತದೆ.

ನೋವಿಗೆ, ಎದ್ದ ಮೊದಲ ದಿನಗಳಲ್ಲಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ಹತ್ತು ನಿಮಿಷ, ಸುಡುವಷ್ಟು ಬಿಸಿ ಬೇಡ. ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಕೂಡದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 650 ಮಿಲಿಗ್ರಾಂ ಮಾತ್ರೆಯಾದರೆ ಆರೇ ಗಡಿ, ಲಿವರ್ ತೊಂದರೆ ಇರುವವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ಐಬುಪ್ರೊಫೆನ್ ಜಾತಿಯವನ್ನು ಖಾಲಿ ಹೊಟ್ಟೆಗಾಗಲಿ ತಿಂಗಳಿಡೀ ಆಗಲಿ ತೆಗೆದುಕೊಳ್ಳಬಾರದು, ಕಿಡ್ನಿ ತೊಂದರೆ ಇರುವವರು ಮುಟ್ಟಲೇಬಾರದು. ಉರಿ, ಚುಚ್ಚು, ಶಾಕ್ ಹೊಡೆದಂಥ ನೋವು ಕುರು ಅಡಗಿದ ಮೇಲೂ ಉಳಿದರೆ ಅದು ನರದ ನೋವು. ಅದಕ್ಕೆ ಬೇರೆ ಮಾತ್ರೆಗಳಿವೆ. ಆದರೆ ‘ನೋವು’ ಎಂದಷ್ಟೇ ಹೇಳಿದರೆ ಡಾಕ್ಟರಿಗೆ ಅದು ತಿಳಿಯುವುದಿಲ್ಲ.

ಬೀಡಿ ಸಿಗರೇಟು ಬಿಡಿ, ತೂಕ ಇಳಿಸಿ ಎಂದು ಎಲ್ಲರೂ ಹೇಳುತ್ತಾರೆ. ಎರಡೂ ನಿಜಕ್ಕೂ ಉಪಕಾರಿ, ಮಡಿಕೆಗಳ ತಿಕ್ಕಾಟ ಕಡಿಮೆಯಾದರೆ ಕುರುವೂ ಕಡಿಮೆ. ಆದರೆ ತೊಡೆಸಂದಿಯಲ್ಲಿ ಗಡ್ಡೆ ಇಟ್ಟುಕೊಂಡವರಿಗೆ ‘ದಿನಾ ಒಂದು ಗಂಟೆ ನಡೆಯಿರಿ’ ಎನ್ನುವುದು ಸುಲಭದ ಮಾತು. ಮೊದಲು ನೋವು ಹತೋಟಿಗೆ ಬರಲಿ, ನಡಿಗೆ ಆಮೇಲೆ. ಆಹಾರದಲ್ಲಿ ಇಂಥದ್ದು ಬಿಟ್ಟರೆ ಗುಣ ಎನ್ನಲು ಗಟ್ಟಿ ಆಧಾರವಿಲ್ಲ. ಬದನೆಕಾಯಿ, ಮೊಟ್ಟೆ, ಮಾವು ನಿರಪರಾಧಿಗಳು.

ಮದುವೆಯ ಮಾತು ಬಂದಾಗ ಹುಡುಗ ಹುಡುಗಿಯರು ಇದನ್ನು ಮುಚ್ಚಿಡುತ್ತಾರೆ, ಮದುವೆಯಾದವರು ದೀಪ ಆರಿಸುತ್ತಾರೆ. ಎಚ್‌ಎಸ್ ಇರುವವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆ ಹೆಚ್ಚು ಎಂಬುದು ಅಧ್ಯಯನಗಳಲ್ಲಿ ಪದೇ ಪದೇ ಕಂಡಿದೆ. ನಿದ್ದೆ ಹೋಗಿದ್ದರೆ, ಯಾರೂ ಬೇಡ ಎನಿಸಿದ್ದರೆ ಅದನ್ನೂ ಚರ್ಮದ ಡಾಕ್ಟರಿಗೇ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ತಿಳಿಸಬೇಕು. ಎಚ್‌ಎಸ್ ಅದಕ್ಕೆ ಅಡ್ಡಿಯಲ್ಲ, ಆದರೆ ಮಾತ್ರೆಗಳನ್ನು ಬದಲಿಸಬೇಕಾಗುತ್ತದೆ. ಇದಕ್ಕೆ ಕೆಲವೊಮ್ಮೆ ಕೊಡುವ ಅಸಿಟ್ರೆಟಿನ್ ಎಂಬ ಮಾತ್ರೆ ತಿಂದವರು ನಿಲ್ಲಿಸಿದ ಮೇಲೆ ಮೂರು ವರ್ಷ ಗರ್ಭ ಧರಿಸುವಂತಿಲ್ಲ.

ಇಷ್ಟರ ನಡುವೆ ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಚಳಿಜ್ವರ, ಕೆಂಪು ಗಂಟೆಗಂಟೆಗೆ ಹರಡುವುದು, ಸಕ್ಕರೆ ಕಾಯಿಲೆಯವರಲ್ಲಿ ತಾಳಲಾಗದ ನೋವು ಇವು ಎಚ್‌ಎಸ್‌ನ ಮೇಲೆ ನಿಜವಾದ ಸೋಂಕು ಸೇರಿದ ಲಕ್ಷಣ. ಪಿರ್ರೆಯಲ್ಲೋ ಗುದದ ಸುತ್ತಲೋ ಹತ್ತಾರು ವರ್ಷದಿಂದ ಸೋರುತ್ತಿರುವ ಜಾಗದಲ್ಲಿ ಮಾಯದ ಹುಣ್ಣೊಂದು ಬೆಳೆಯುತ್ತಾ ಬಂದರೆ, ಅಂಚು ಗಟ್ಟಿಯಾದರೆ, ರಕ್ತ ಒಸರಿದರೆ, ಅಪರೂಪಕ್ಕೆ ಅಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವುದುಂಟು. ‘ನನ್ನದು ಹಳೆಯ ಕುರು’ ಎಂದು ಸುಮ್ಮನಿರದೆ ಆ ಜಾಗದ ಬಯಾಪ್ಸಿ ಮಾಡಿಸಿ ಎಂದು ನೀವೇ ಕೇಳಬೇಕು.